ಚಿಗಟದ ಹುಳುವಿಗೆ ಮೂರು ನೀರು

ಒರಾಜಲಿ ಅಗಾ ಬರುವ ಜೀಪು ದಾರಿಯಲ್ಲೇ ಕೆಟ್ಟು ನಿಲ್ಲಲಿ ಎಂದು ಕಾರ್ಲಿಗಾ ಬೆಳಿಗ್ಗೆಯಿಂದ ಮೂರು ಸಲ ಹಾರೈಸಿದ್ದಳು, ಮೂರು ಸಲವೂ ಕೂಡಲೇ ನಾಲಿಗೆ ಕಚ್ಚಿಕೊಂಡಿದ್ದಳು. ಮೊದಲನೆಯ ಸಲ ಹಾರೈಸುವಾಗ ಹಾಲುಚಹಾದ ಬಟ್ಟಲು ಕೈಯಲ್ಲಿತ್ತು, ಎರಡನೆಯ ಸಲ ಗೇಟಿನ ಚಿಲಕ. ಮೂರನೆಯದು ಇಗೋ ಈಗ, ಪ್ಲೇಗು ತಪಾಸಣೆಯ ಕಚೇರಿಯ ದಾರಿಯಲ್ಲಿ, ಪಾಪ್ಲರ್ ಮರಗಳ ಹಳದಿ ಎಲೆಗಳನ್ನು ಸರೋವರದ ಗಾಳಿ ಅವಳ ಕಾಲಿಗೆ ತಂದು ಒಟ್ಟುತ್ತಿರುವಾಗ. ಅರವತ್ತು ದಾಟಿದ ಮನುಷ್ಯ, ಮಂಡಿ ನೋವು ಬೇರೆ, ನಿನ್ನೆಯೇ ಅಲ್ಮಾಟಿಯ ಸಂಶೋಧನಾಲಯ ಬಿಟ್ಟು ಮರಳು ನುಂಗುತ್ತ ಬರುತ್ತಿದ್ದಾರೆ. ಅಂಥವರಿಗೆ ಕೇಡು ಬಯಸುವ ಮಟ್ಟಕ್ಕೆ ಇಳಿದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಅವಳ ಮೂಗಿನ ಮೇಲಿರುವ ಕನ್ನಡಕ ಕೂಡ ಅವರು ತಂದುಕೊಟ್ಟದ್ದೇ. ಇಪ್ಪತ್ತೆರಡು ವರ್ಷ ಚಿಗಟದ ಹೊಟ್ಟೆ ನೋಡಿ ನೋಡಿ ನಿನ್ನ ಕಣ್ಣು ಹೋಯಿತು, ಇನ್ನು ನನ್ನನ್ನಾದರೂ ನೆಟ್ಟಗೆ ನೋಡು ಎಂದು ನಗುತ್ತ ಕೊಟ್ಟಿದ್ದರು. ಅಂದಿನಿಂದ ಅವರನ್ನು ನೆಟ್ಟಗೆ ನೋಡುವುದೊಂದೇ ಅವಳಿಂದ ಆಗಿರಲಿಲ್ಲ.

ಅವಳು ಅಂಗಳ ಹೊಕ್ಕಾಗ ಜೀಪು ಆಗಲೇ ಬಂದು ನಿಂತಿತ್ತು. ಚಾಲಕ ತಿನಿಶ್‌ಬೆಕ್ ಬಾನೆಟ್ಟಿಗೆ ಒರಗಿಕೊಂಡು ಸೂರ್ಯಕಾಂತಿ ಬೀಜ ಸುಲಿದು ಉಗುಳುತ್ತಿದ್ದ. ಅವಳನ್ನು ಕಂಡವನೇ ತನ್ನ ಹಳೆಯ ತಮಾಷೆ ತೆಗೆದ: ಮರಳುಗಾಡಿನ ಇಲಿಯ ಮೈಯಲ್ಲಿ ಚಿಗಟ, ಚಿಗಟದ ಹೊಟ್ಟೆಯಲ್ಲಿ ಹುಳು, ಹುಳುವಿನ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ, ಸರಿ, ಆ ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿ ಏನಿದೆ ಹೇಳಿ ನೋಡೋಣ? ಒರಾಜಲಿ ಅಗಾನ ಪಿಂಚಣಿ ಎಂದು ತಾನೇ ಉತ್ತರ ಕೊಟ್ಟುಕೊಂಡು ತಾನೇ ನಕ್ಕ. ಕಾರ್ಲಿಗಾಳೂ ನಕ್ಕಳು. ಈ ತಮಾಷೆಗೆ ಅವಳು ಎರಡು ವರ್ಷದಿಂದ ನಗುತ್ತ ಬಂದಿದ್ದಾಳೆ, ಒಂದು ದಿನವೂ ನಗು ಹೊಟ್ಟೆಯಿಂದ ಬಂದದ್ದಿಲ್ಲ. ಯಾಕೆಂದರೆ ಎಲ್ಲ ಸುರುವಾದದ್ದು ಈ ತಿನಿಶ್‌ಬೆಕ್ಕನ ಹಾರನ್ನಿನಿಂದ. ಇವನು ಆ ದಿನ ಹಾಗೆ ಹಾರನ್ ಹೊಡೆಯದೆ ಇದ್ದಿದ್ದರೆ, ಎಂದು ಯೋಚಿಸಿದವಳಿಗೆ ಮತ್ತೆ ನಾಚಿಕೆಯಾಯಿತು. ಹಾರನ್ನಿಗೇನು ಗೊತ್ತು, ತೊಳೆಯಬೇಕಾದ ಕೈ ಇವಳದು.

ಎರಡು ವರ್ಷದ ಹಿಂದಿನ ಏಪ್ರಿಲ್. ಮರಳುಗಾಡಿನ ಬಿಲಗಳಿಂದ ಬಿಳಿ ಫ್ಲಾನೆಲ್ ಪಟ್ಟಿಗೆ ಅಂಟಿಸಿಕೊಂಡು ತಂದ ಚಿಗಟಗಳು ಕೊಳವೆ ಕೊಳವೆ ತುಂಬಿದ್ದವು. ಪ್ಲೇಗು ಇದೆಯೇ ಎಂದು ನೋಡಿ, ಇಲ್ಲ ಎಂದಾದ ಮೇಲೆ ಅವು ಇವಳ ಮೇಜಿಗೆ ಬರುತ್ತಿದ್ದವು. ಗಾಜಿನ ಮೇಲೆ ಉಪ್ಪುನೀರಿನ ಒಂದು ಹನಿ, ಹನಿಯಲ್ಲಿ ಚಿಗಟ, ಎರಡು ಸೂಜಿ. ಹೊಟ್ಟೆ ಬಿಡಿಸಿದರೆ ನೂರರಲ್ಲಿ ಹತ್ತಕ್ಕೋ ಹನ್ನೆರಡಕ್ಕೋ ಒಳಗೆ ಬಿಳಿ ದಾರದ ತುಂಡಿನಂಥ ಹುಳು ಸಿಗುತ್ತಿತ್ತು. ಹುಳು ಹಿಡಿದ ಚಿಗಟ ಮೊಟ್ಟೆ ಇಡುವುದಿಲ್ಲ. ಮೊಟ್ಟೆ ಇಡದ ಚಿಗಟ ಹೆಚ್ಚಿದಷ್ಟೂ ಪ್ಲೇಗಿನ ಕಾಲು ಮುರಿಯುತ್ತದೆ ಎಂದು ಒರಾಜಲಿ ಅಗಾ ಹತ್ತು ವರ್ಷದಿಂದ ಹೇಳುತ್ತ ಬಂದಿದ್ದರು. ಆ ಹುಳುವಿನೊಳಗೂ ಏನಾದರೂ ಬದುಕಿದೆಯೇ ಎನ್ನುವುದು ಅವರಿಗೆ ಅಂಟಿದ ಹುಚ್ಚು. ಅದಕ್ಕೆ ಹುಳು ಚೊಕ್ಕಟವಾಗಿರಬೇಕು. ಚಿಗಟದ ಕರುಳು ಹರಿದು ಅದರ ಹೊಲಸು ಹುಳುವಿನ ಮೈಗೆ ಮೆತ್ತಿದ್ದರೆ, ಕಾಣುವ ಬ್ಯಾಕ್ಟೀರಿಯಾ ಹುಳುವಿನದೋ ಚಿಗಟದ್ದೋ ಯಾರು ಹೇಳಬೇಕು? ಆದ್ದರಿಂದ ಪ್ರತಿ ಹುಳುವಿಗೂ ಮೂರು ನೀರು: ಮೂರು ಬಟ್ಟಲು ಹೊಸ ಉಪ್ಪುನೀರಿನಲ್ಲಿ ಮೂರು ಸಲ ತೊಳೆದು, ಆಮೇಲೆ ಗಾಜಿಗೆ ಏರಿಸುವುದು. ಹಾಗೆ ಕಳಿಸುವುದು ಅದೇ ಮೊದಲ ಸಲ, ಆ ದಿನ ಮೂವತ್ತೆಂಟು ಹುಳುಗಳಿದ್ದವು. ನಾಲ್ಕಕ್ಕೆ ಗಾಜುಗಳನ್ನು ಹೊತ್ತು ಜೀಪು ಅಲ್ಮಾಟಿಗೆ ಹೊರಡಬೇಕಿತ್ತು. ತಿನಿಶ್‌ಬೆಕ್ ಹೊರಗಿನಿಂದ ಹಾರನ್ ಹೊಡೆದ, ಚಿಗಟಗಳಿಗೆ ಮದುವೆ ಮಾಡಿಸಿ ಕಳಿಸುತ್ತೀರಾ ಎಂದು ಕೂಗಿದ, ಮತ್ತೆ ಹೊಡೆದ. ಅವಳು ಹುಳುಗಳನ್ನು ಚಿಗಟದ ಹನಿಯಿಂದ ಎತ್ತಿ ನೇರವಾಗಿ ಗಾಜಿಗೆ ಒತ್ತಿದಳು. ಮೂವತ್ತೆಂಟನ್ನೂ. ಪುಸ್ತಕದಲ್ಲಿ ಮಾತ್ರ ನಿಯಮದಂತೆಯೇ ‘ಮೂರು ನೀರು’ ಎಂದು ಬರೆದಳು. ಬರೆಯುವಾಗ ಸುಳ್ಳು ಬರೆಯುತ್ತಿದ್ದೇನೆ ಅನ್ನಿಸಲೂ ಇಲ್ಲ, ಕೈ ಅವಸರದಲ್ಲಿ ಬರೆದುಕೊಂಡು ಹೋಯಿತು. ಅನ್ನಿಸಿದ್ದು ಮೂರು ವಾರ ಬಿಟ್ಟು, ಒರಾಜಲಿ ಅಗಾ ಫೋನಿನಲ್ಲಿ ಅಳುಬುರುಕನ ಹಾಗೆ ಗದ್ಗದವಾಗಿ, ಸಿಕ್ಕಿತು ಕಾರ್ಲಿಗಾ, ಹುಳುವಿನ ಒಳಗೇ ಇದೆ, ನಿನ್ನ ಕೈಗೆ ಚಿನ್ನದ ಬಳೆ ಹಾಕಬೇಕು ಎಂದಾಗ.

ಲ್ಯಾಬಿನ ಬಾಗಿಲಲ್ಲಿ ಬಿಳಿ ನಿಲುವಂಗಿ ತೊಟ್ಟು, ಟೊಪ್ಪಿಗೆಯೊಳಗೆ ಕೂದಲು ಸೇರಿಸಿಕೊಳ್ಳುವಾಗ ಗೋಡೆಯ ಫಲಕದಲ್ಲಿ ಅವಳದೇ ಫೋಟೋ ಅವಳನ್ನು ನೋಡಿತು. ಆ ಬ್ಯಾಕ್ಟೀರಿಯಾದ ಬಗ್ಗೆ ಒರಾಜಲಿ ಅಗಾನ ಲೇಖನ ಅಚ್ಚಾದ ವರ್ಷ ತೂಗುಹಾಕಿದ್ದು. ಅದರ ಕೆಳಗೆ ಉಲ್ಬೋಸಿನ್ ಕೂತಿದ್ದಳು, ಸೂಜಿಗಳನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸುತ್ತ. ಇಪ್ಪತ್ತಮೂರು ವರ್ಷದ ಹುಡುಗಿ, ಮನೆಯಲ್ಲಿ ನಾಲ್ಕನೆಯ ಹೆಣ್ಣು. ಮುಂದಿನದು ಗಂಡಾಗಲಿ ಎಂಬ ಅರ್ಥದ ಹೆಸರನ್ನು ಹೆತ್ತವರು ಇವಳ ತಲೆಗೆ ಕಟ್ಟಿದ್ದರು. ಮೇ ತಿಂಗಳಲ್ಲಿ ಬಂದವಳು. ಮೊದಲ ಬಾರಿ ಕಂಡದ್ದನ್ನು ಇನ್ನೊಂದು ಕೈ ಮಾಡಿ ತೋರಿಸಬೇಕು, ಆಗಲೇ ಜಗತ್ತು ನಂಬುವುದು ಎಂದು ಒರಾಜಲಿ ಅಗಾ ಇವಳನ್ನು ಆರಿಸಿ ಕಳಿಸಿದ್ದರು. ಐದು ತಿಂಗಳಲ್ಲಿ ಇವಳು ನಗರಕ್ಕೆ ಕಳಿಸಿದ ನೂರಾರು ಗಾಜುಗಳಲ್ಲಿ ಒಂದರಲ್ಲೂ ಏನೂ ಕಾಣಲಿಲ್ಲ. ಪ್ರತಿ ತಿಂಗಳೂ ಕಾಗದ ಬರುತ್ತಿತ್ತು, ಮೊದಲು ಪ್ರೀತಿಯದು, ಆಮೇಲೆ ಬೇಸರದ್ದು, ನಿನ್ನ ಸೂಜಿ ಹುಳುವನ್ನು ಹರಿದುಹಾಕುತ್ತಿದೆ ಎಂದು. ಕೊನೆಯದರಲ್ಲಿ, ತಾನೇ ಬಂದು ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ ನೋಡುವುದಾಗಿಯೂ, ಆಗಲೂ ಹುಡುಗಿಯ ಕೈಗೆ ಕೆಲಸ ಹತ್ತದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುವುದಾಗಿಯೂ ಬರೆದಿತ್ತು. ಆ ಕಾಗದವನ್ನು ಉಲ್ಬೋಸಿನ್ ನಾಲ್ಕು ಮಡಿಕೆ ಮಾಡಿ ನಿಲುವಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದಳು. ಊರಿಗೆ ಹೋಗಿ ಚಿಕ್ಕಪ್ಪನ ಒಂಟೆಯ ಹಾಲು ಕರೆಯುವುದು, ಮತ್ತಿನ್ನೇನು ಎಂದು ಮೊನ್ನೆ ಚಹಾದ ಹೊತ್ತಿನಲ್ಲಿ ಯಾರೂ ಕೇಳದೆಯೇ ಹೇಳಿದ್ದಳು. ಕಾರ್ಲಿಗಾ ಆಗ ಕರಿದ ಹಿಟ್ಟಿನುಂಡೆಗಳ, ಬೌರ್ಸಾಕಿನ, ತಟ್ಟೆಯನ್ನು ಅವಳ ಕಡೆ ಸರಿಸಿದ್ದಳು, ತಿನ್ನು ಅಯ್ನಲಾಯಿನ್ ಎಂದಿದ್ದಳು. ಆ ಮುದ್ದಿನ ಮಾತು ಆಡಿ ಮುಖ ತಿರುಗಿಸಿಕೊಂಡಿದ್ದಳು.

ಕಾಣುವುದಾದರೂ ಹೇಗೆ? ಇಲ್ಲದ್ದು ಎಲ್ಲಿಂದ ಬರಬೇಕು? ಮೊದಲು ಕಂಡದ್ದು ಹುಳುವಿನದಲ್ಲ, ತೊಳೆಯದ ಹುಳುವಿಗೆ ಅಂಟಿದ ಚಿಗಟದ ಹೊಲಸು, ಕಾರ್ಲಿಗಾಳಿಗೆ ಇದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ಅದಕ್ಕೇ ಆ ಮೂವತ್ತೆಂಟರ ಮೇಲೆ ಇನ್ನೊಂದು ಹುಳುವನ್ನು ಅವಳು ಗಾಜಿಗೆ ಏರಿಸಿರಲಿಲ್ಲ, ಎಣಿಸಿ ಬರೆಯುವುದಷ್ಟೇ ಮಾಡುತ್ತಿದ್ದಳು. ಹುಡುಗಿ ಬಂದ ವಾರದಲ್ಲೇ ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದಿದ್ದಳು. ತೆರೆದ ಬಾಯಿಂದ ಬಂದದ್ದು ಬೇರೆಯೇ. ಚೊಕ್ಕಟ, ಚೊಕ್ಕಟ ಎಂದು ಅವಳು ಪಾಠ ಸುರುಮಾಡಿದ್ದಳು. ಮೂರು ನೀರು ಸಾಲದು, ಐದು ನೀರು ಹಾಕು. ಉಪ್ಪುನೀರಿನಲ್ಲೂ ಏನಾದರೂ ಇದ್ದೀತು, ಬಟ್ಟಿ ಇಳಿಸಿದ ಬರೀ ನೀರಿನಲ್ಲಿ ತೊಳೆ, ಪ್ರತಿಯೊಂದರಲ್ಲೂ ಕಾಲು ಗಂಟೆ ಬಿಡು. ತಾನು ಮಾಡದೆ ಬಿಟ್ಟದ್ದನ್ನೆಲ್ಲ ಬಡ್ಡಿ ಸಮೇತ ಆ ಹುಡುಗಿಯ ಕೈಯಿಂದ ಮಾಡಿಸುವವಳಂತೆ ಬೆರಳು ಆಡಿಸಿ ಆಡಿಸಿ ಹೇಳಿದ್ದಳು. ಉಲ್ಬೋಸಿನ್ ಅಷ್ಟನ್ನೂ ಸಣ್ಣ ಅಕ್ಷರದಲ್ಲಿ ಬರೆದುಕೊಂಡು, ಅಷ್ಟನ್ನೂ ಮಾಡುತ್ತಿದ್ದಳು. ಆ ಶ್ರದ್ಧೆಯನ್ನು ನೋಡುವುದೇ ಕಾರ್ಲಿಗಾಳಿಗೆ ಶಿಕ್ಷೆಯಾಯಿತು. ಜೂನ್ ತಿಂಗಳಲ್ಲಿ ಬೆಳಕು ಸಾಲದೆಂದು ನೆವ ಹೇಳಿ ತನ್ನ ಮೇಜನ್ನು ಇನ್ನೊಂದು ಕಿಟಕಿಗೆ ತಿರುಗಿಸಿಕೊಂಡಳು. ಅಲ್ಲಿಂದಾಚೆಗೆ ಹುಡುಗಿ ಅವಳ ಬೆನ್ನ ಹಿಂದೆ. ಬಟ್ಟಲುಗಳ ಸಣ್ಣ ಟಿಣ್ ಸದ್ದು ಮಾತ್ರ ಕೇಳುತ್ತಿತ್ತು, ಒಂದು, ಎರಡು, ಮೂರು, ನಾಲ್ಕು, ಐದು.

ಒರಾಜಲಿ ಅಗಾ ಕೋಲೂರಿಕೊಂಡು ಒಳಗೆ ಬಂದು, ಕಾರ್ಲಿಗಾಳ ತಲೆ ಸವರಿ, ಹುಡುಗಿಯ ಯೋಗಕ್ಷೇಮ ಕೇಳಿ, ಒಂದೇ ಕೊಳವೆಯ ಚಿಗಟಗಳನ್ನು ಇಬ್ಬರಿಗೂ ಸಮನಾಗಿ ಹಂಚಿದರು. ಪರೀಕ್ಷೆ ಅಂತ ಹೆದರಬೇಡ, ನೀನು ದಿನಾ ಹೇಗೆ ಮಾಡುತ್ತೀಯೋ ಹಾಗೇ ಮಾಡು ಎಂದು ಉಲ್ಬೋಸಿನ್‌ಗೆ ಹೇಳಿ, ಆಚೆ ಕೋಣೆಗೆ ಬಣ್ಣ ಕಲಸಲು ಹೋದರು. ಕಾರ್ಲಿಗಾ ಕೂತಳು. ಸೂಜಿ ಹಿಡಿದ ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಮೊದಲ ಹುಳು ಏಳನೆಯ ಚಿಗಟದಲ್ಲಿ ಸಿಕ್ಕಿತು, ಸೂಜಿಯ ತುದಿಯಲ್ಲಿ ನಿಧಾನ ಹೊರಳಿತು. ಈಗ ಇದನ್ನು ತೊಳೆಯದೆ ಒತ್ತಿದರೆ ಮಧ್ಯಾಹ್ನ ಅಗಾನಿಗೆ ಬೇಕಾದ್ದು ಕಾಣುತ್ತದೆ, ತನ್ನ ಹೆಸರು ಉಳಿಯುತ್ತದೆ, ಹುಡುಗಿ ಬಸ್ಸು ಹತ್ತುತ್ತಾಳೆ. ತೊಳೆದು ಒತ್ತಿದರೆ ಇವಳದೂ ಬರಿದು, ತನ್ನದೂ ಬರಿದು, ಹಾಗಾದರೆ ಅಂದು ಕಂಡದ್ದೇನು ಎಂಬ ಪ್ರಶ್ನೆ ನೇರ ತನ್ನ ಕುತ್ತಿಗೆಗೇ ಬರುತ್ತದೆ. ಇಷ್ಟು ಸಲೀಸಾದ ಲೆಕ್ಕ. ಎರಡು ವರ್ಷದಲ್ಲಿ ಒಂದು ಸಲವೂ ದೇವರು ಇಷ್ಟು ಬಿಡಿಸಿ ಎದುರಿಗೆ ಇಟ್ಟಿರಲಿಲ್ಲ. ಹಿಂದಿನಿಂದ ಟಿಣ್ ಎಂದಿತು. ಹುಡುಗಿ ತನ್ನ ಮೊದಲ ಹುಳುವನ್ನು ನೀರಿಗೆ ಬಿಟ್ಟಿದ್ದಳು. ಕಾರ್ಲಿಗಾ ಉಪ್ಪುನೀರಿನ ಮೂರು ಬಟ್ಟಲು ಎಳೆದುಕೊಂಡಳು, ಒಂದರಲ್ಲಿ ಅದ್ದಿದಳು, ಎರಡರಲ್ಲಿ ಅದ್ದಿದಳು, ಮೂರರಲ್ಲಿ ಅದ್ದಿದಳು. ಒಂಬತ್ತು ಹುಳುಗಳನ್ನೂ ಹಾಗೆಯೇ ತೊಳೆದಳು. ಎದೆ ಹಗುರವಾಯಿತು. ಹಗುರವಾದದ್ದರ ಜೊತೆಗೆ ಒಂದು ಬಿಂಕವೂ ಬಂದು ಸೇರಿತು, ಸುಳ್ಳೇಕೆ ಹೇಳಬೇಕು. ತನ್ನ ಹೆಸರನ್ನು ತಾನೇ ಕೈಯಾರೆ ಕೊಯ್ದುಕೊಟ್ಟು ಒಂದು ಹೆಣ್ಣುಮಗುವಿನ ಅನ್ನ ಉಳಿಸಿದೆ ಎಂದು ಅವಳು ಒಳಗೊಳಗೇ ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಮಧ್ಯಾಹ್ನದ ಊಟಕ್ಕೆ ಕುರಿ ಕಡಿದಿದ್ದರು. ಹಿಟ್ಟಿನ ಹಾಳೆಗಳ ಮೇಲೆ ಮಾಂಸ ಹರಡಿದ ದೊಡ್ಡ ತಟ್ಟೆ ಬಂತು, ಬೇಯಿಸಿದ ತಲೆಯನ್ನು ಹಿರಿಯ ಅತಿಥಿಯ ಮುಂದೆ ಮೂತಿ ತಿರುಗಿಸಿ ಇಟ್ಟರು. ಒರಾಜಲಿ ಅಗಾ ಬಿಸ್ಮಿಲ್ಲಾ ಎಂದು ಕೆನ್ನೆಯ ಚೂರು ಕೊಯ್ದು ಬಾಯಿಗೆ ಹಾಕಿಕೊಂಡರು, ಆಮೇಲೆ ವಾಡಿಕೆಯಂತೆ ಕಿವಿ ಕೊಯ್ದು ಎಲ್ಲರಿಗಿಂತ ಚಿಕ್ಕವಳಾದ ಉಲ್ಬೋಸಿನ್‌ಳ ಕಡೆ ಚಾಚಿದರು. ‘ತಗೊಳಮ್ಮ. ನಿನ್ನ ಅಕ್ಕ, ಕಾರ್ಲಿಗಾ ಅಪ್ಕೆ, ಹೇಳೋ ಮಾತು ಸರಿಯಾಗಿ ಕಿವಿಗೆ ಹಾಕ್ಕೋ,’ ಎಂದರು. ಹುಡುಗಿ ಎರಡೂ ಕೈ ಒಡ್ಡಿ ತೆಗೆದುಕೊಂಡಳು. ತಿನಿಶ್‌ಬೆಕ್ ಬಾಯಿ ಬಿಡದೆ ಇರುತ್ತಾನೆಯೇ? ‘ಕಿವಿ ಯಾಕೆ ಅಗಾ, ಇವಳಿಗೆ ಅಂಗುಳ ಕೊಡಿ. ನಮ್ಮಲ್ಲಿ ಹೆಣ್ಣುಮಕ್ಕಳ ಕೈಗೆ ಕಸುಬು ಹತ್ತಲಿ ಅಂತ ಕೊಡೋದು ಅದನ್ನೇ ತಾನೆ?’ ಎಂದ. ಎಲ್ಲರೂ ನಕ್ಕರು. ಉಲ್ಬೋಸಿನ್ ಕೂಡ ನಕ್ಕಳು, ಕುತ್ತಿಗೆಯವರೆಗೆ ಕೆಂಪಾಗಿ. ಕಿವಿಯನ್ನು ಸಣ್ಣ ಸಣ್ಣದಾಗಿ ಕಚ್ಚಿ ತಿಂದಳು, ಒಂದು ಚೂರೂ ಬಿಡಲಿಲ್ಲ. ಇನ್ನೊಂದು ಗಂಟೆ ತಡೆದುಕೋ ಎಂದು ಕಾರ್ಲಿಗಾ ಮನಸ್ಸಿನಲ್ಲೇ ಅವಳಿಗೆ ಹೇಳಿದಳು. ಇನ್ನೊಂದೇ ಗಂಟೆ, ಆಮೇಲೆ ನಗುವವರೆಲ್ಲ ನನ್ನ ಕಡೆ ತಿರುಗುತ್ತಾರೆ. ಸಾರಿನ ಬಟ್ಟಲನ್ನು ಅವಳು ತುಂಬ ದಿನಗಳ ಮೇಲೆ ರುಚಿ ತಿಳಿದು ಕುಡಿದಳು.

ಬಣ್ಣ ಹಿಡಿದು ಒಣಗಿದ ಗಾಜುಗಳನ್ನು ಒರಾಜಲಿ ಅಗಾ ತಾವೇ ಮೈಕ್ರೋಸ್ಕೋಪಿನ ಕೆಳಗೆ ಇಟ್ಟುಕೊಂಡರು. ಮೊದಲು ಹುಡುಗಿಯವು. ಒಂದೊಂದಾಗಿ ನೋಡಿ, ಒಂದೊಂದಾಗಿ ಪಕ್ಕಕ್ಕೆ ಇಟ್ಟರು. ಆಮೇಲೆ ಕಾರ್ಲಿಗಾಳವು. ಅವರು ಬಗ್ಗಿದರು, ಗುಂಡಿ ತಿರುಗಿಸಿದರು, ತಿರುಗಿಸುವುದನ್ನು ನಿಲ್ಲಿಸಿದರು. ಬಾ ಇಲ್ಲಿ ಎಂದು ಕರೆದರು, ಕಣ್ಣು ಎತ್ತದೆ. ಕಾರ್ಲಿಗಾ ತುಟಿಯ ಮೇಲೆ ಸಿದ್ಧ ಮಾಡಿಕೊಂಡಿದ್ದ ಮಾತನ್ನು ಹಿಡಿದುಕೊಂಡೇ ಹೋಗಿ ಬಗ್ಗಿದಳು. ಹುಳುವಿನ ಅಂಡಾಶಯದ ಜೀವಕೋಶಗಳ ಒಳಗೆ ನೇರಳೆ ಬಣ್ಣದ ಸಣ್ಣ ಸಣ್ಣ ಕಡ್ಡಿಗಳು ಒತ್ತೊತ್ತಾಗಿ ಕೂತಿದ್ದವು. ಹೊರಗೆ ಒಂದೂ ಇಲ್ಲ, ಎಲ್ಲವೂ ಒಳಗೇ. ಮೂರು ನೀರು ಕಂಡ ಹುಳು. ಎರಡನೆಯ ಗಾಜಿನಲ್ಲೂ ಇದ್ದವು, ಐದನೆಯದರಲ್ಲೂ ಇದ್ದವು. ಇತ್ತು, ಅಂದೂ ಇತ್ತು, ಅಂದು ಕಂಡದ್ದು ನಿಜ! ಅಲ್ಲಿದ್ದ ಸ್ಟೂಲಿನ ಮೇಲೆ ಧೊಪ್ಪನೆ ಕೂತು ಅವಳು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎರಡು ವರ್ಷ ಎದೆಯ ಮೇಲೆ ಹೊತ್ತುಕೊಂಡು ತಿರುಗಿದ್ದು ಇಲ್ಲದ ಭಾರ. ತಾನು ಕಳ್ಳಿಯಲ್ಲ, ಅವಸರದವಳು ಅಷ್ಟೆ. ಒರಾಜಲಿ ಅಗಾ ಅವಳ ಭುಜ ಹಿಡಿದು ಅಲುಗಿಸುತ್ತ, ಈ ಕೈ ಈ ಕೈ ಎನ್ನುತ್ತಿದ್ದರು. ಅವಳು ಅದನ್ನೆಲ್ಲ ಬೇಸಗೆಯಲ್ಲಿ ತಣ್ಣೀರು ಕುಡಿದಂತೆ ಕುಡಿದಳು.

ಎಷ್ಟು ಹೊತ್ತು ಹಾಗೆ ಕೂತಿದ್ದಳೋ. ಉಲ್ಬೋಸಿನ್ ಎಂಬುವಳೊಬ್ಬಳು ಆ ಕೋಣೆಯಲ್ಲಿ ಇದ್ದಾಳೆ ಎನ್ನುವುದು ಅವಳ ನೆನಪಿಗೆ ಬಂದದ್ದು ಒರಾಜಲಿ ಅಗಾನ ದನಿ ಮೆತ್ತಗಾದಾಗ. ಎಲ್ಲರ ಕೈಯೂ ಇದಕ್ಕೆ ಹೇಳಿಸಿದ್ದಲ್ಲ, ಇದರಲ್ಲಿ ಅವಮಾನವೇನೂ ಇಲ್ಲ, ತಿಂಗಳ ಕೊನೆಯವರೆಗೆ ಇದ್ದು ಹೋಗು ಎಂದು ಅವರು ಹೇಳುತ್ತಿದ್ದರು. ಹುಡುಗಿ ಹೂಂ ಎಂದಳು. ಅಂಗೈ ಎರಡನ್ನೂ ಮೇಜಿನ ಮೇಲೆ ಚಪ್ಪಟೆ ಒತ್ತಿಕೊಂಡಿದ್ದಳು, ಬೆರಳುಗಳನ್ನೇ ನೋಡುತ್ತ, ಅವು ಬೇರೆ ಯಾರದೋ ಎನ್ನುವಂತೆ. ಕಾರ್ಲಿಗಾ ಎದ್ದು ಅವಳ ಹತ್ತಿರ ಹೋದಳು. ಸಮಾಧಾನ ಹೇಳುವುದಕ್ಕೆ ಹೋದದ್ದು, ಗೆದ್ದವರಿಗೆ ಸಮಾಧಾನ ಹೇಳುವುದು ಸುಲಭ. ಏನಾದರೂ ಮಾಡಬೇಕಲ್ಲ ಎಂದು ಹುಡುಗಿಯ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟಳು. ಐದು ತಿಂಗಳಲ್ಲಿ ಮೊದಲ ಸಲ. ಅಲ್ಲಿ ಒಂದು ಬಟ್ಟಲಿನ ನೀರಿನಲ್ಲಿ ಉಳಿದ ಹುಳುಗಳಿದ್ದವು. ಹುಳುಗಳಲ್ಲ, ಹುಳುಗಳ ಚರ್ಮ. ಸಡಿಲ, ಖಾಲಿ, ಕಳಚಿಹಾಕಿದ ಕಾಲುಚೀಲದ ಹಾಗೆ. ಕೈ ತಾನಾಗಿಯೇ ಹೋಗಿ, ತನ್ನ ಮೇಜಿನ ಉಪ್ಪುನೀರಿನಲ್ಲಿ ಉಳಿದಿದ್ದ ಒಂದು ಜೀವಂತ ಹುಳುವನ್ನು ಎತ್ತಿ ತಂದು ಆ ನೀರಿಗೆ ಬಿಟ್ಟಿತು. ಹುಳು ಒಂದೆರಡು ನಿಮಿಷ ಹೊರಳಾಡಿತು, ಉಬ್ಬಿತು, ಮೈ ಬಿಗಿಯಿತು, ಒಂದು ಕಡೆ ಬಿರಿಯಿತು. ಒಳಗಿದ್ದದ್ದೆಲ್ಲ ಹೊಗೆಯಂತೆ ಹೊರಗೆ ಹರಿದು ನೀರಿನಲ್ಲಿ ಕರಗಿಹೋಯಿತು. ಉಪ್ಪಿಲ್ಲದ ನೀರಿಗೆ ಈ ಮೆತ್ತನೆಯ ಜೀವ ತಾಳುವುದಿಲ್ಲ. ಇಪ್ಪತ್ತೆರಡು ವರ್ಷದ ಅನುಭವದ ಕಾರ್ಲಿಗಾಳಿಗೆ ಇದು ಗೊತ್ತಿತ್ತು, ಯಾವತ್ತಿನಿಂದಲೂ ಗೊತ್ತಿತ್ತು. ಚೊಕ್ಕಟದ ಪಾಠ ಹೇಳುವ ಭರದಲ್ಲಿ ಗೊತ್ತಿದ್ದದ್ದು ಗೊತ್ತಿಲ್ಲದಂತಾಗಿತ್ತು. ಈ ಹುಡುಗಿ ಐದು ನೀರಿನಲ್ಲಿ, ಕಾಲು ಕಾಲು ಗಂಟೆ, ದಿನವೂ, ಬೇಕಾದ್ದನ್ನೇ ತೊಳೆದು ಚೆಲ್ಲಿ ಸಿಪ್ಪೆಯನ್ನು ನಗರಕ್ಕೆ ಕಳಿಸುತ್ತಿದ್ದಳು.

ಒರಾಜಲಿ ಅಗಾ ಕೋಟು ಹಾಕಿಕೊಳ್ಳುತ್ತಿದ್ದರು. ಹೊರಗೆ ಜೀಪು ಸುರುವಾದ ಸದ್ದು ಕೇಳಿತು. ಬಾಯಿ ಮುಚ್ಚಿಕೊಂಡು ನಿಂತರೆ ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ, ಮುಂದಿನವಳಿಗೆ ಸರಿಯಾಗಿ ಕಲಿಸಿದರಾಯಿತು ಎಂದು ಕಾರ್ಲಿಗಾಳ ತಲೆಯೊಳಗೆ ಯಾರೋ ಹೇಳಿದರು. ಯಾರೋ ಏನು, ಅವಳೇ. ಅಷ್ಟರಲ್ಲಿ ಒರಾಜಲಿ ಅಗಾ ಏನೋ ಹೊಳೆದವರಂತೆ ತಿರುಗಿ, ಹುಡುಗಿಯ ಮೇಜಿನ ಬಟ್ಟಲುಗಳನ್ನು ಎಣಿಸಿ, ಐದು ಯಾಕೆ ಎಂದು ಕೇಳಿದರು.

‘ಚೊಕ್ಕಟವಾಗಿರ್ಲಿ ಅಂತ ಅಗಾ,’ ಎಂದಳು ಉಲ್ಬೋಸಿನ್. ‘ನಾನೇ ಹಾಗೆ ಮಾಡ್ಕೊಂಡೆ.’

ಕಾರ್ಲಿಗಾಳ ಕಡೆ ಅವಳು ನೋಡಲೂ ಇಲ್ಲ. ಹಿರಿಯರ ಮೇಲೆ ಮಾತು ಬರಬಾರದು ಎಂದು ಹುಟ್ಟಿದಾಗಿನಿಂದ ಕಲಿತ ಮಗು, ಇವತ್ತು ಹೊರಗೆ ಹಾಕಿಸಿಕೊಳ್ಳುವಾಗಲೂ ಅದನ್ನು ಮರೆತಿರಲಿಲ್ಲ. ಕಾರ್ಲಿಗಾ ಎರಡು ಹೆಜ್ಜೆ ಮುಂದೆ ಬಂದಳು.

‘ಸುಳ್ಳು ಅಗಾ. ನಾನು ಹೇಳಿಕೊಟ್ಟಿದ್ದು,’ ಎಂದಳು. ‘ಉಪ್ಪುನೀರೂ ಅಲ್ಲ ಅದು, ಬರೀ ನೀರು. ಹುಳುಗಳೆಲ್ಲ ಒಡೆದುಹೋಗಿವೆ, ಬಂದು ನೋಡಿ.’

ಅವರು ಬಂದು ನೋಡಿದರು. ತುಂಬ ಹೊತ್ತು ನೋಡಿದರು. ‘ನೀನಾ? ನಿಂಗೆ ಗೊತ್ತಿಲ್ವಾ ಇದು? ಯಾಕೆ ಹಾಗೆ ಹೇಳಿಕೊಟ್ಟೆ?’

ಆ ಯಾಕೆ ಎಂಬುದಕ್ಕೆ ಒಂದೇ ಉತ್ತರವಿತ್ತು. ಅದನ್ನು ಇವತ್ತು ಹೇಳಬೇಕಾದ ಅಗತ್ಯವೇ ಇಲ್ಲ ಎಂದು ಅವಳು ಇಷ್ಟು ಹೊತ್ತೂ ಖುಷಿಪಟ್ಟಿದ್ದಳು. ‘ಮೊದಲ ಸಲ ಕಳಿಸಿದೆನಲ್ಲ, ಮೂವತ್ತೆಂಟು. ಅವನ್ನ ನಾನು ತೊಳೆದೇ ಇರ್ಲಿಲ್ಲ. ಜೀಪು ಕಾಯ್ತಿತ್ತು. ತೊಳೆದೆ ಅಂತ ಬರೆದೆ,’ ಎಂದಳು.

ಒರಾಜಲಿ ಅಗಾ ಕೋಟಿನ ಒಂದು ತೋಳು ಹಾಕಿಕೊಂಡಂತೆಯೇ ಕುರ್ಚಿಯಲ್ಲಿ ಕೂತರು. ಬೈಯುತ್ತಾರೆ ಎಂದು ಅವಳು ಕಾದಳು, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೂರು ಸಲ ತೊಳೆದದ್ದು ಅಂತ ಅಚ್ಚಾಗಿಬಿಟ್ಟಿದೆಯಲ್ಲ ಕಾರ್ಲಿಗಾ, ನನ್ನ ಹೆಸರಿನ ಕೆಳಗೆ, ಎಂದರು ಅವರು ಮೆಲ್ಲಗೆ. ಆಮೇಲೆ ಕಿಟಕಿ ತೆರೆದು, ಇವತ್ತು ಹೊರಡುವುದಿಲ್ಲ, ಎಂಜಿನ್ ಆರಿಸು ಎಂದು ತಿನಿಶ್‌ಬೆಕ್ಕನಿಗೆ ಕೂಗಿ ಹೇಳಿದರು.

ಉಲ್ಬೋಸಿನ್ ಈಗ ಕಾರ್ಲಿಗಾಳನ್ನು ನೋಡುತ್ತಿದ್ದಳು. ಕೃತಜ್ಞತೆ ಇದ್ದೀತು ಎಂದು ಕಾರ್ಲಿಗಾ ಆ ಮುಖದಲ್ಲಿ ಹುಡುಕಿದಳು. ಹುಡುಕಿದ್ದಕ್ಕೆ ಆಮೇಲೆ ಬಹಳ ದಿನ ನಾಚಿಕೆಪಟ್ಟಳು.

‘ಐದು ತಿಂಗಳು ಅಪ್ಕೆ,’ ಎಂದಳು ಹುಡುಗಿ. ‘ದಿನಾ ಮನೆಗೆ ಹೋಗಿ ಕೈ ನೋಡ್ಕೊಂಡು ಅಳ್ತಿದ್ದೆ. ನೀವು ಒಂದು ಸಲ ಹಿಂದೆ ತಿರುಗಿ ನೋಡಿದ್ದಿದ್ರೆ ಸಾಕಿತ್ತು.’

ಚಪ್ಪಟೆಯಾಗಿ ಒತ್ತಿಕೊಂಡಿದ್ದ ಅಂಗೈಗಳನ್ನು ಮೇಜಿನಿಂದ ಎತ್ತಿದಳು, ಐದು ಬಟ್ಟಲುಗಳ ನೀರನ್ನೂ ಬಚ್ಚಲಿಗೆ ಚೆಲ್ಲಿ ಬಂದಳು. ಹೊಸ ಚಿಗಟಗಳ ಕೊಳವೆ ತೆಗೆದುಕೊಂಡು ಕಾರ್ಲಿಗಾಳ ಕುರ್ಚಿಯಲ್ಲೇ ಕೂತಳು, ಕೇಳದೆ. ನಾಲ್ಕನೆಯ ಚಿಗಟದಲ್ಲೇ ಹುಳು ಸಿಕ್ಕಿತು. ಅದನ್ನು ಸೂಜಿಯ ತುದಿಯಲ್ಲಿ ಎತ್ತಿ ಹಿಡಿದು, ಎಷ್ಟು ನೀರು ಎಂದು ಕೇಳಿದಳು.

‘ಮೂರು ಕಣಮ್ಮ,’ ಎಂದಳು ಕಾರ್ಲಿಗಾ, ಅವಳ ಬೆನ್ನ ಹಿಂದೆ ನಿಂತು. ‘ಉಪ್ಪುನೀರಲ್ಲಿ ಮೂರು. ಅದ್ದಿ ತೆಗೆದ್ರೆ ಸಾಕು.’

ಸೂಜಿ ಅಲುಗಲಿಲ್ಲ. ಹುಡುಗಿ ತಲೆ ತಿರುಗಿಸಿ ಒರಾಜಲಿ ಅಗಾನ ಮುಖ ನೋಡುತ್ತ ಕಾದಳು. ಅವರು ಹೌದೆಂದು ತಲೆಯಾಡಿಸಿದ ಮೇಲೆ ಹುಳುವನ್ನು ಮೊದಲ ಬಟ್ಟಲಿಗೆ ಇಳಿಸಿದಳು.